ತೇಜ್ ಒಂದೇ, ಇಂಗ್ಲಿಷಿನಲ್ಲಿ ಎಂಟು: ಉರ್ದು ಮನೆಮಾತಿನವರಿಗೆ ಇಂಗ್ಲಿಷ್ ಪದಪಾಠ

ಉರ್ದುವಿನಲ್ಲಿ ಮಳೆ ತೇಜ್, ಜ್ವರ ತೇಜ್, ಚೂರಿ ತೇಜ್, ಬಸ್ಸೂ ತೇಜ್. ಮನೆಯಲ್ಲಿ ಉರ್ದು ಮಾತಾಡಿ ಬೆಳೆದವರು ‘ತೇಜ್ ಎಂದರೆ ಫಾಸ್ಟ್’ ಎಂದು ಒಮ್ಮೆ ಕಲಿತರೆ ಸಾಕು, ಫಾಸ್ಟ್ ರೈನ್, ಫಾಸ್ಟ್ ಫೀವರ್ ಎನ್ನುತ್ತಲೇ ಹೋಗುತ್ತಾರೆ. ಕನ್ನಡದವರೇನೂ ಮೇಲಲ್ಲ. ನಮ್ಮ ಕರಾವಳಿಯ ‘ಜೋರು’ ಇದೇ ಜಾತಿಯ ಪದ, ಬಂದದ್ದೂ ಪರ್ಷಿಯನ್‌ನಿಂದಲೇ: ಮಳೆ ಜೋರು, ಜ್ವರ ಜೋರು, ಗಾಳಿ ಜೋರು, ಪಕ್ಕದ ಮನೆಯ ಹುಡುಗಿಯೂ ಜೋರು.

‘ಇಂಗ್ಲಿಷ್ ಪದ ಬರುವುದಿಲ್ಲ’ ಎನ್ನುವ ಹತ್ತನೇ ತರಗತಿ ದಾಟಿದ ಹುಡುಗರಿಗೆ ಹೆವಿ, ಹೈ, ಶಾರ್ಪ್, ಲೌಡ್ ಎಲ್ಲ ಗೊತ್ತಿರುತ್ತದೆ. ಯಾವುದು ಯಾವುದರ ಜೊತೆ ಹೋಗುತ್ತದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಹಾಗಾಗಿ ದಿನಕ್ಕೆ ಐವತ್ತು ಪದ ಬಾಯಿಪಾಠ ಮಾಡಿಸುವುದರಿಂದ ಏನೂ ಆಗದು. ದಿನಕ್ಕೆ ಆರು ಪದ ಸಾಕು, ಆದರೆ ಪ್ರತಿಯೊಂದನ್ನೂ ಅದರ ಜೊತೆಗಾರರ ಸಮೇತ ಕಲಿಯಬೇಕು.

ಕರಾವಳಿಯ ಮುಸ್ಲಿಂ ಮನೆಗಳಲ್ಲೆಲ್ಲ ಉರ್ದು ಇಲ್ಲ. ಮಂಗಳೂರು ಕಡೆ ಹೆಚ್ಚಿನವರದು ಬ್ಯಾರಿ, ಶಿರೂರು ದಾಟಿ ಭಟ್ಕಳದ ಕಡೆ ಹೋದರೆ ನವಾಯತಿ. ಇವುಗಳ ನಡುನಡುವೆ ದಖನಿ ಉರ್ದು ಆಡುವ ಮನೆಗಳು. ಆ ಮನೆಯ ಮಗುವಿಗೆ ಉರ್ದು, ಶಾಲೆಯ ಕನ್ನಡ, ಬೀದಿಯ ತುಳು ಮೂರೂ ಇರುತ್ತವೆ. ಇದನ್ನು ಹೊರೆ ಎಂದು ತಿಳಿಯುವ ಮೇಷ್ಟ್ರುಗಳಿದ್ದಾರೆ. ಪದ ಕಲಿಯುವ ಮಟ್ಟಿಗೆ ಇದು ದೊಡ್ಡ ಆಸ್ತಿ: ಒಂದು ಭಾಷೆ ಗಂಟು ಕಟ್ಟಿದ್ದನ್ನು ಇನ್ನೊಂದು ಬಿಚ್ಚಿ ತೋರಿಸುತ್ತದೆ.

ಕಾರ್ಡು ಮಾಡುವುದು

ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಕತ್ತರಿಸಿದರೆ ಎಂಟು ಕಾರ್ಡು. ಸ್ವಲ್ಪ ದಪ್ಪ ಹಾಳೆ ಒಳ್ಳೆಯದು, ಜೂನ್ ತಿಂಗಳ ತೇವಕ್ಕೆ ತೆಳು ಹಾಳೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ವಾರಕ್ಕೆ ಐದು ದಿನ, ದಿನಕ್ಕೆ ಆರು ಪದದಂತೆ ಹನ್ನೆರಡು ವಾರಕ್ಕೆ 360 ಕಾರ್ಡು, ಅಂದರೆ 45 ಹಾಳೆ. ಜೊತೆಗೆ ಒಂದು ಚಪ್ಪಲಿ ಡಬ್ಬ, ಒಳಗೆ ರಟ್ಟಿನ ತುಂಡು ಇಟ್ಟು ಐದು ಖಾನೆ.

ಕಾರ್ಡಿನ ಮುಂಬದಿಯಲ್ಲಿ ಉರ್ದು ವಾಕ್ಯಖಂಡ, ಬರೀ ಪದವಲ್ಲ. ‘ತೇಜ್’ ಎಂದು ಬರೆಯಬೇಡಿ, ‘ತೇಜ್ ಬಾರಿಶ್’ ಎಂದು ಬರೆಯಿರಿ. ಅದರ ಕೆಳಗೆ ಕನ್ನಡ: ‘ಜೋರು ಮಳೆ’. ಹಿಂಬದಿಯಲ್ಲಿ ‘ಹೆವಿ ರೈನ್’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಉಚ್ಚಾರವನ್ನು ಕನ್ನಡದಲ್ಲಿ. ಆಮೇಲೆ ‘ಹೆವಿ’ಯ ಇನ್ನೆರಡು ಜೊತೆಗಾರರು (ಹೆವಿ ಟ್ರಾಫಿಕ್, ಹೆವಿ ಲಾಸ್), ಕೊನೆಗೆ ಸ್ವಂತ ವಾಕ್ಯ ಒಂದು. ವಾಕ್ಯದಲ್ಲಿ ಗೊತ್ತಿರುವ ಜಾಗ ಇರಲಿ: ಪಂಪ್‌ವೆಲ್‌ನಲ್ಲಿ ಟ್ರಾಫಿಕ್, ಮಲ್ಪೆಯಲ್ಲಿ ಮಳೆ. ಗೈಡಿನಿಂದ ನಕಲು ಮಾಡಿದ ವಾಕ್ಯ ಮೂರನೇ ದಿನಕ್ಕೆ ಮರೆತುಹೋಗುತ್ತದೆ.

ಉರ್ದು ಲಿಪಿ ಬಲ್ಲವರಿಗೆ ಒಂದು ಎಚ್ಚರಿಕೆ. ಉರ್ದು ಬಲದಿಂದ ಎಡಕ್ಕೆ, ಇಂಗ್ಲಿಷ್ ಎಡದಿಂದ ಬಲಕ್ಕೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಕಾಗದದ ಮೇಲೆ ಕಣ್ಣು ತಡವರಿಸುತ್ತದೆ, ಮೊಬೈಲಿನಲ್ಲಂತೂ ಆವರಣ ಚಿಹ್ನೆ, ಪೂರ್ಣವಿರಾಮಗಳೆಲ್ಲ ಎಲ್ಲೆಲ್ಲೋ ಹಾರಿ ಕೂರುತ್ತವೆ. ಒಂದು ಸಾಲಿಗೆ ಒಂದೇ ಲಿಪಿ. ಉರ್ದು ಓದಲು ಬಾರದ ಮಕ್ಕಳು ಉರ್ದುವನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಲಿ, ನಾಚಿಕೆ ಬೇಡ.

ಇಂಗ್ಲಿಷ್ ಉಚ್ಚಾರಕ್ಕೆ ಕನ್ನಡ ಅಕ್ಷರವನ್ನೇ ಬಳಸಿ ಎನ್ನುವುದಕ್ಕೂ ಕಾರಣ ಇದೆ. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ, ಓದುವವರೇ ತುಂಬಿಕೊಳ್ಳಬೇಕು. ಕನ್ನಡದಲ್ಲಿ ಎ, ಏ, ಒ, ಓ ಎಲ್ಲಕ್ಕೂ ಬೇರೆ ಗುರುತು ಇದೆ. ಪೆನ್, ಪೇನ್, ಪಿನ್ ಬೇರೆ ಬೇರೆ ಎಂದು ಕಣ್ಣಿಗೇ ಕಾಣುತ್ತದೆ.

ತೇಜ್ ಪುಟ

ಕೆಲವು ಉರ್ದು ಪದಗಳು ಕಾರ್ಡಿನಲ್ಲಿ ಹಿಡಿಸುವುದಿಲ್ಲ. ಅವಕ್ಕೆ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಬಿಡಬೇಕು. ಮೊದಲ ಪುಟ ತೇಜ್‌ಗೇ ಇರಲಿ. ತೇಜ್ ಬಾರಿಶ್ ಹೆವಿ ರೈನ್, ತೇಜ್ ಬುಖಾರ್ ಹೈ ಫೀವರ್, ತೇಜ್ ಹವಾ ಸ್ಟ್ರಾಂಗ್ ವಿಂಡ್, ತೇಜ್ ಛುರಿ ಶಾರ್ಪ್ ನೈಫ್, ತೇಜ್ ಆವಾಜ್ ಲೌಡ್ ವಾಯ್ಸ್, ತೇಜ್ ರೋಶ್ನಿ ಬ್ರೈಟ್ ಲೈಟ್, ತೇಜ್ ಮಸಾಲಾ ಹಾಟ್ ಮಸಾಲ, ತೇಜ್ ಗಾಡಿ ಮಾತ್ರ ಫಾಸ್ಟ್. ಎಂಟರಲ್ಲಿ ಒಮ್ಮೆ ಕಲಿತ ‘ಫಾಸ್ಟ್’ ಕೆಲಸಕ್ಕೆ ಬಂದದ್ದು ಒಂದು ಕಡೆ.

ಎಂಟನ್ನೂ ಒಂದೇ ದಿನ ಕಲಿಯಲು ಹೋಗಬೇಡಿ, ಅದು ಮುಖ್ಯ. ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ತಲೆಗೆ ಹಾಕಿದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ವಾರಕ್ಕೆ ಎರಡು ಸಾಲು ತುಂಬಿಸಿ. ಪುಟ ತಿಂಗಳಿಗೆ ಭರ್ತಿಯಾಗುತ್ತದೆ.

ಮುಂದಿನ ಪುಟಗಳು ‘ಬಂದ್ ಕರ್‌ನಾ’ ಮತ್ತು ‘ಖೋಲ್‌ನಾ’ಗೆ. ಬಾಗಿಲು, ಲೈಟು, ಫ್ಯಾನು, ನಲ್ಲಿ ಎಲ್ಲಕ್ಕೂ ಉರ್ದುವಿನಲ್ಲಿ ಬಂದ್, ನಮ್ಮ ಬಾಯಲ್ಲೂ ‘ಬಂದ್ ಮಾಡು’. ಇಂಗ್ಲಿಷಿನಲ್ಲಿ ಕ್ಲೋಸ್ ಆಗುವುದು ಬಾಗಿಲು, ಅಂಗಡಿ, ಪುಸ್ತಕ. ಲೈಟು, ಫ್ಯಾನು ಸ್ವಿಚ್ ಆಫ್. ನಲ್ಲಿ ಟರ್ನ್ ಆಫ್. ಆಮೇಲೆ ‘ದೇನಾ’: ಉರ್ದುವಿನಲ್ಲಿ ಇಮ್ತಿಹಾನ್ ಕೊಡುವುದು ವಿದ್ಯಾರ್ಥಿ. ಇಂಗ್ಲಿಷಿನಲ್ಲಿ ಎಕ್ಸಾಮ್ ‘ಗಿವ್’ ಮಾಡುವುದು ಮೇಷ್ಟ್ರು, ವಿದ್ಯಾರ್ಥಿ ‘ಟೇಕ್’ ಮಾಡುತ್ತಾನೆ. ಸಂದರ್ಶನಕ್ಕೆ ಹೋಗಿ ‘ಐ ಗೇವ್ ದ ಎಕ್ಸಾಮ್’ ಎಂದರೆ ನಮ್ಮವರು ನಗುವುದಿಲ್ಲ, ಹೊರಗಿನವರು ಮಾತ್ರ ಒಂದು ಕ್ಷಣ ಗಲಿಬಿಲಿಗೊಳ್ಳುತ್ತಾರೆ.

‘ದರ್ದ್’ ಪುಟವೂ ಬೇಕೇಬೇಕು, ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬರುತ್ತದೆ. ತಲೆ, ಹೊಟ್ಟೆ, ಹಲ್ಲು, ಬೆನ್ನಿಗೆ ‘ಏಕ್’ ಅಂಟಿಕೊಳ್ಳುತ್ತದೆ: ಹೆಡೇಕ್, ಸ್ಟಮಕ್ ಏಕ್, ಟೂತೇಕ್, ಬ್ಯಾಕೇಕ್. ಗಂಟಲಿಗೆ ‘ಸೋರ್ ಥ್ರೋಟ್’. ಎದೆಗೆ ‘ಚೆಸ್ಟ್ ಪೇನ್’. ‘ಚಕ್ಕರ್ ಆರಹಾ ಹೈ’, ತಲೆ ಸುತ್ತುತ್ತದೆ ಎನ್ನಲು ‘ಐ ಫೀಲ್ ಡಿಜ಼ಿ’ ಸಾಕು, ತಲೆಯನ್ನು ಇಂಗ್ಲಿಷಿನಲ್ಲಿ ತಿರುಗಿಸಬೇಕಾಗಿಲ್ಲ.

ಗಂಟು ಬಿಚ್ಚುವುದು

ಉರ್ದುವಿನ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ಯೆಸ್ಟರ್‌ಡೇ, ಟುಮಾರೋ ಅದಲುಬದಲಾಗುವುದು ಅಲ್ಲಿಂದಲೇ. ಮದ್ದು ಸುಲಭ: ಈ ಎರಡು ಪದಗಳ ಕಾರ್ಡಿನಲ್ಲಿ ಉರ್ದು ಬರೆಯಲೇಬೇಡಿ, ಕನ್ನಡ ಮಾತ್ರ. ನಿನ್ನೆ, ನಾಳೆ ಎಂದು ಕನ್ನಡದಲ್ಲಿ ಯೋಚಿಸಿದ ತಲೆ ತಪ್ಪುವುದಿಲ್ಲ.

‘ಕೇಳು’ ವಿಷಯದಲ್ಲಿ ಸಾಲ ತಿರುಗುತ್ತದೆ. ಕನ್ನಡದಲ್ಲಿ ಹಾಡು ಕೇಳುತ್ತೇವೆ, ಪ್ರಶ್ನೆ ಕೇಳುತ್ತೇವೆ, ದುಡ್ಡೂ ಕೇಳುತ್ತೇವೆ. ಉರ್ದುವಿನಲ್ಲಿ ಅವು ಮೂರು: ಸುನ್‌ನಾ, ಪೂಛ್‌ನಾ, ಮಾಂಗ್‌ನಾ. ಪೂಛ್‌ನಾ ಆದರೆ ಆಸ್ಕ್, ಮಾಂಗ್‌ನಾ ಆದರೆ ಆಸ್ಕ್ ಫಾರ್. ‘ಐ ಆಸ್ಕ್ಡ್ ಮನಿ’ ಎಂದು ಬರೆಯುವುದು ಕನ್ನಡದ ಪ್ರಭಾವ, ಉರ್ದುವಿನಲ್ಲಿ ಯೋಚಿಸಿದರೆ ‘ಫಾರ್’ ತಾನಾಗಿ ನೆನಪಾಗುತ್ತದೆ.

ಎರಡೂ ಭಾಷೆಗಳು ಕೈಕೊಡುವ ಜಾಗಗಳೂ ಇವೆ. ಹಿಯರ್ ಮತ್ತು ಲಿಸನ್ ಎರಡಕ್ಕೂ ಉರ್ದುವಿನಲ್ಲಿ ಸುನ್‌ನಾ, ಕನ್ನಡದಲ್ಲಿ ಕೇಳು. ಇಲ್ಲಿ ನುಡಿಗಟ್ಟು ಕಾಪಾಡುತ್ತದೆ: ಕಿವಿಗೆ ಬಿದ್ದರೆ ಹಿಯರ್, ಕಿವಿಗೊಟ್ಟರೆ ಲಿಸನ್ ಟು. ನೋಡುವುದೂ ಹಾಗೆಯೇ. ಕಣ್ಣಿಗೆ ಬಿದ್ದರೆ ಸೀ, ಕಣ್ಣು ಹಾಯಿಸಿದರೆ ಲುಕ್ ಆಟ್, ರಾತ್ರಿಯಿಡೀ ಯಕ್ಷಗಾನದ ಮುಂದೆ ಕೂತರೆ ವಾಚ್.

ಇನ್ನೊಂದು ಗುಂಪು ಬೇರೆಯೇ ಬಗೆಯದು. ಕನ್ನಡದಲ್ಲಿ ‘ಇಸು’ ಸೇರಿಸಿದರೆ ಕಲಿ ಹೋಗಿ ಕಲಿಸು, ಕುಡಿ ಹೋಗಿ ಕುಡಿಸು. ಉರ್ದುವಿನಲ್ಲೂ ಸೀಖ್‌ನಾ–ಸಿಖಾನಾ, ಖಾನಾ–ಖಿಲಾನಾ, ದೇಖ್‌ನಾ–ದಿಖಾನಾ. ಒಂದು ಬೇರಿನಿಂದ ಎರಡು ಕೆಲಸ. ಇಂಗ್ಲಿಷಿನಲ್ಲಿ ಈ ಉಪಾಯ ನಡೆಯದು, ಪದವೇ ಬದಲಾಗುತ್ತದೆ: ಲರ್ನ್–ಟೀಚ್, ಈಟ್–ಫೀಡ್, ಸೀ–ಶೋ, ಫಾಲ್–ಡ್ರಾಪ್, ರಿಮೆಂಬರ್–ರಿಮೈಂಡ್. ಕೊನೆಯದರಲ್ಲಿ ಎಡವದವರು ಕಡಿಮೆ. ‘ನಾಳೆ ನನಗೆ ನೆನಪು ಮಾಡಿ’ ಎನ್ನಲು ‘ಪ್ಲೀಸ್ ರಿಮೆಂಬರ್ ಮಿ ಟುಮಾರೋ’ ಎಂದು ಸಂದೇಶ ಕಳಿಸಿದರೆ ಪಡೆದವರು ಗಾಬರಿಯಾದಾರು. ಯಾದ್ ರಖ್‌ನಾ ಆದರೆ ರಿಮೆಂಬರ್, ಯಾದ್ ದಿಲಾನಾ ಆದರೆ ರಿಮೈಂಡ್. ಇಂಥ ಜೋಡಿಯಲ್ಲಿ ಒಂದನ್ನು ಈ ವಾರ ಕಲಿತು, ಅದು ಗಟ್ಟಿಯಾದ ಮೇಲೆ ಮುಂದಿನ ವಾರ ಎರಡನೆಯದಕ್ಕೆ ಕೈ ಹಾಕಿ. ಸಾಲ ಕೊಡುವ ‘ಲೆಂಡ್’, ಸಾಲ ಪಡೆಯುವ ‘ಬಾರೋ’ಗಳನ್ನು ಒಂದೇ ಪಿರಿಯಡ್‌ನಲ್ಲಿ ಕಲಿಸಿದ್ದರಿಂದಲೇ ಅವು ಜನ್ಮಪೂರ್ತಿ ಗೊಂದಲವಾಗಿ ಉಳಿದವರು ಎಷ್ಟೋ ಮಂದಿ.

ಒಂದೇ ಮುಖ, ಬೇರೆ ಬುದ್ಧಿ

ಅರ್ಜಿ, ಕಾನೂನು, ವಕೀಲ, ಹಾಜರಿ, ರದ್ದು, ಜಮೀನು, ತಾಲೂಕು, ಮಂಗಳೂರಿನ ಬಂದರು. ಅರಬ್ಬಿ, ಪರ್ಷಿಯನ್ ಮೂಲದ ಇಂಥ ಪದಗಳು ಕನ್ನಡಕ್ಕೂ ಉರ್ದುವಿಗೂ ಸಾಮಾನ್ಯ, ಇವುಗಳ ಇಂಗ್ಲಿಷ್ ಕಲಿಯುವುದು ಹಗುರ. ಆದರೆ ಕೆಲವು ದಾರಿಯಲ್ಲಿ ಅರ್ಥ ಬದಲಿಸಿವೆ.

ರಾಜೀನಾಮೆ ಕನ್ನಡದಲ್ಲಿ ಕೆಲಸ ಬಿಡುವ ಪತ್ರ, ರೆಸಿಗ್ನೇಶನ್. ಉರ್ದುವಿನ ರಾಜೀನಾಮಾ ಎರಡು ಕಡೆಯವರು ರಾಜಿಯಾಗಿ ಬರೆದುಕೊಳ್ಳುವ ಪತ್ರ, ಕಾಂಪ್ರಮೈಸ್. ಉರ್ದುವಿನಲ್ಲಿ ಕೆಲಸ ಬಿಡುವುದು ಇಸ್ತೀಫಾ. ಖಾಸ್ ಎಂದರೆ ಸ್ಪೆಷಲ್, ಕನ್ನಡದ ಖಾಸಗಿ ಪ್ರೈವೇಟ್. ತಮಾಶಾ ಉರ್ದುವಿನಲ್ಲಿ ನೋಡುವಂಥದ್ದು, ಶೋ. ಕನ್ನಡದ ತಮಾಷೆ ಜೋಕ್. ಬೇಜಾರ್ ಎಂದರೆ ಉರ್ದುವಿನಲ್ಲಿ ರೋಸಿಹೋಗುವುದು, ಫೆಡ್ ಅಪ್. ನಮ್ಮಲ್ಲಿ ‘ಬೇಜಾರು’ ಹೊತ್ತು ಹೋಗದಿದ್ದರೂ ಹೌದು (ಬೋರ್ಡ್), ದುಃಖಕ್ಕೂ ಹೌದು (ಸ್ಯಾಡ್), ಯಾರೋ ಅಂದ ಮಾತಿಗೆ ಮನಸ್ಸು ನೊಂದರೂ ಹೌದು (ಹರ್ಟ್). ಇದನ್ನೇ ‘ಐ ಆ್ಯಮ್ ಬೋರಿಂಗ್’ ಎಂದರೆ ನಿಮ್ಮ ಜೊತೆ ಕೂತವರಿಗೆ ಬೇಜಾರು ಎಂದಾಯಿತು!

ಎಲ್ಲಕ್ಕಿಂತ ಮೋಜಿನದು ಹುಷಾರು. ಉರ್ದುವಿನ ಹೋಶಿಯಾರ್ ಜಾಣ, ಎಚ್ಚರವುಳ್ಳವನು. ಮಂಗಳೂರಿನಲ್ಲಿ ‘ಅವನು ಭಾರಿ ಹುಷಾರು’ ಎಂದರೆ ಕ್ಲೆವರ್, ‘ಹುಷಾರಾಗಿ ಹೋಗಿ’ ಎಂದರೆ ಕೇರ್‌ಫುಲ್, ‘ಅವನಿಗೆ ಹುಷಾರಿಲ್ಲ’ ಎಂದರೆ ಅನ್‌ವೆಲ್. ಒಂದೊಂದಕ್ಕೂ ಪ್ರತ್ಯೇಕ ಕಾರ್ಡು.

ಮೂಲ ಹುಡುಕುವ ಖಯಾಲಿ ಇದ್ದವರಿಗೆ ಇಂಗ್ಲಿಷಿನೊಳಗೇ ನೆಂಟರು ಸಿಗುತ್ತಾರೆ. ಮಾನ್ಸೂನ್ ಪೋರ್ಚುಗೀಸರ ಮೂಲಕ ಹೋದ ಅರಬ್ಬಿಯ ಮೌಸಿಮ್, ಮನೆಯ ಮೌಸಮ್ ಅದೇ. ಮ್ಯಾಗಜೀನ್ ಹಿಂದೆ ಇರುವುದು ಮಖ್ಜನ್, ಉಗ್ರಾಣ. ಕ್ಯಾರವಾನ್ ಕಾರವಾನ್, ಲೂಟ್ ಲೂಟಿಯೇ. ಇವು ನೆನಪಿಗೆ ಬೇಗ ಅಂಟುತ್ತವೆ. ಆದರೆ ಇದರಲ್ಲೇ ಮುಳುಗಬೇಡಿ, ಇಡೀ ಪಟ್ಟಿ ಮಾಡಿದರೂ ದಿನಬಳಕೆಗೆ ಸಿಗುವುದು ನಾಲ್ಕಾರು.

ಹೆಚ್ಚು ಫಲ ಕೊಡುವುದು ಪೂರ್ವಪದಗಳು. ಬೇ, ನಾ, ಗೈರ್, ಲಾ ನಾಲ್ಕೂ ‘ಇಲ್ಲ’ ಎನ್ನುತ್ತವೆ, ಕನ್ನಡದವರೂ ಬೇಜವಾಬ್ದಾರಿ, ನಾಪತ್ತೆ, ಗೈರುಹಾಜರಿ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ಕೆಲಸ ಕೆಲವೊಮ್ಮೆ ಪದದ ಮುಂದೆ, ಕೆಲವೊಮ್ಮೆ ಹಿಂದೆ. ನಾಖುಶ್ ಅನ್‌ಹ್ಯಾಪಿ, ಗೈರ್‌ಕಾನೂನಿ ಇಲ್ಲೀಗಲ್, ಲಾಇಲಾಜ್ ಇನ್‌ಕ್ಯೂರಬಲ್, ಆದರೆ ಬೇಘರ್ ಹೋಮ್‌ಲೆಸ್. ಒಂದು ಲೆಕ್ಕ ನೆನಪಿಡಬಹುದು: ‘ಲೆಸ್’ ಅಂಟುವುದು ಸಾಮಾನ್ಯವಾಗಿ ವಸ್ತುವಿನ ಹೆಸರಿಗೆ (ಹೋಮ್, ಹೋಪ್, ಜಾಬ್), ‘ಅನ್’ ಅಂಟುವುದು ಹೆಚ್ಚಾಗಿ ಗುಣ ಹೇಳುವ ಪದಕ್ಕೆ (ಹ್ಯಾಪಿ, ಕ್ಲೀನ್, ಫೇರ್).

ಬಾಯಿ

ಮನೆಯಲ್ಲಿ ‘ಜ಼ಮೀನ್’ ಎನ್ನುವ ಮಗು ಕನ್ನಡ ತರಗತಿಯಲ್ಲಿ ‘ಜಮೀನು’ ಎನ್ನಲು ಕಲಿಯುತ್ತದೆ. ಇಂಗ್ಲಿಷಿಗೆ ಬಂದಾಗ ಮನೆಯ ಉಚ್ಚಾರವೇ ಬೇಕು. ಜ಼ೂ, ಜ಼ೀರೋ, ಪ್ರೈಜ಼್‌ಗಳಲ್ಲಿ ಇರುವುದು ಆ ಜ಼. ಅಕ್ಕಿ ‘ರೈಸ್’, ಏಳುವುದು ‘ರೈಜ಼್’, ಇದನ್ನು ಉರ್ದು ಮನೆಯ ಕಿವಿ ಸುಲಭವಾಗಿ ಗುರುತಿಸುತ್ತದೆ. ಕಾರ್ಡಿನಲ್ಲಿ ಜ ಕೆಳಗೆ ಚುಕ್ಕೆ ಹಾಕಿ.

ಸ್ಕೂಲ್ ‘ಇಸ್ಕೂಲ್’, ಸ್ಟೇಶನ್ ‘ಇಸ್ಟೇಶನ್’ ಆಗುವ ಚಾಳಿ ಇದ್ದರೆ ‘ಸ್‌ಸ್‌ಸ್’ ಎಂದು ಎರಡು ಸೆಕೆಂಡ್ ಎಳೆದು, ಉಸಿರು ಕಡಿಯದೆ ‘ಕೂಲ್’ ಸೇರಿಸಿ. ದಿನಕ್ಕೆ ಹತ್ತು ಸಲ ಮಾಡಿದರೆ ಎರಡು ವಾರದಲ್ಲಿ ‘ಇ’ ಸಡಿಲವಾಗತೊಡಗುತ್ತದೆ. ವಿ ಮತ್ತು ಡಬ್ಲ್ಯು ನಮ್ಮ ಯಾವ ಲಿಪಿಯಲ್ಲೂ ಬೇರೆಯಾಗಿ ಕಾಣುವುದಿಲ್ಲ. ವಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಡಬ್ಲ್ಯುಗೆ ತುಟಿ ದುಂಡಗಾಗಬೇಕು, ಹಲ್ಲಿಗೆ ಕೆಲಸವಿಲ್ಲ. ಕನ್ನಡಿಯ ಮುಂದೆ ವೆಸ್ಟ್, ವೈನ್‌ಗಳನ್ನು ಎರಡೂ ಬಗೆಯಲ್ಲಿ ಹೇಳಿ ನೋಡಿ.

ಪದ ಎಲ್ಲಿಂದ ತರುವುದು

ಡಿಕ್ಷನರಿಯ ‘ಎ’ಯಿಂದ ಶುರು ಮಾಡಬೇಡಿ. ಹೆಚ್ಚು ಬಳಕೆಯ ಪದಗಳ ಪಟ್ಟಿಗಳಿವೆ. ಹಳೆಯದು ಮೈಕೆಲ್ ವೆಸ್ಟ್ 1953ರಲ್ಲಿ ಹೊರತಂದ, ಸುಮಾರು 2000 ಪದಗಳ ಜನರಲ್ ಸರ್ವಿಸ್ ಲಿಸ್ಟ್. ವೆಸ್ಟ್ ಢಾಕಾದಲ್ಲಿ ಪಾಠ ಮಾಡಿದವರು, ನಮ್ಮಂಥ ಮಕ್ಕಳ ಕಷ್ಟ ಬಲ್ಲವರು. 2013ರ ಹೊಸ ಪಟ್ಟಿಯಲ್ಲಿ ಸುಮಾರು 2800 ಪದಗಳಿವೆ, ಅಂತರ್ಜಾಲದಲ್ಲಿ ಉಚಿತ. ಪಟ್ಟಿಯನ್ನು ಪಾಠಪುಸ್ತಕ ಮಾಡಿಕೊಳ್ಳದೆ ಜರಡಿಯಾಗಿ ಬಳಸಿ: ಓದುವಾಗ ಸಿಕ್ಕ ಹೊಸ ಪದ ಪಟ್ಟಿಯಲ್ಲಿದ್ದರೆ ಕಾರ್ಡು, ಇಲ್ಲದಿದ್ದರೆ ಅರ್ಥ ನೋಡಿ ಮುಂದೆ ಹೋಗಿ.

ಓದಿಗೆ ಒಂದೇ ಸುದ್ದಿಯನ್ನು ಎರಡು ಪತ್ರಿಕೆಯಲ್ಲಿ ಹಿಡಿಯಿರಿ. ಮೊದಲು ಮಣಿಪಾಲದಿಂದ ಹೊರಡುವ ಉದಯವಾಣಿಯಲ್ಲಿ ಕನ್ನಡದಲ್ಲಿ, ಆಮೇಲೆ ಅದೇ ಸುದ್ದಿ ಯಾವುದಾದರೂ ಇಂಗ್ಲಿಷ್ ಪತ್ರಿಕೆಯಲ್ಲಿ. ವಿಷಯ ಮೊದಲೇ ಗೊತ್ತಿರುವುದರಿಂದ ಅರ್ಧ ಪದಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ನೂರು ಪದದ ಒಂದು ಭಾಗದಲ್ಲಿ ಗೊತ್ತಿಲ್ಲದವು ಐದಕ್ಕಿಂತ ಹೆಚ್ಚಿದ್ದರೆ ಆ ಲೇಖನ ಈಗ ಬೇಡ.

ಮಳೆಗಾಲದಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆ ಒಳ್ಳೆಯ ಪಠ್ಯ, ಏಕೆಂದರೆ ಅದೇ ಪದಗಳು ದಿನವೂ ಬರುತ್ತವೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ‘ಹೆವಿ’, 115.6ರಿಂದ 204.4 ‘ವೆರಿ ಹೆವಿ’, ಅದಕ್ಕೂ ಮೇಲೆ ‘ಎಕ್ಸ್‌ಟ್ರೀಮ್ಲಿ ಹೆವಿ’. ಮೀನುಗಾರರು ಸಮುದ್ರಕ್ಕಿಳಿಯಬಾರದು ಎನ್ನಲು ‘ನಾಟ್ ಟು ವೆಂಚರ್ ಇಂಟು ದ ಸೀ’. ವೆಂಚರ್ ಜೊತೆ ಇಂಟು ಇರುವುದನ್ನು ಹತ್ತು ದಿನ ನೋಡಿದವರು ಮತ್ತೆ ಮರೆಯುವುದಿಲ್ಲ.

ಅರ್ಥ ನೋಡಲು ಉರ್ದುವಿಗೆ ರೇಖ್ತಾ ನಿಘಂಟು, ಕನ್ನಡಕ್ಕೆ ವಿ. ಕೃಷ್ಣ ಅವರ ‘ಅಲರ್’, ಎರಡೂ ಅಂತರ್ಜಾಲದಲ್ಲಿ ಸಿಗುತ್ತವೆ. ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಪ್ರಕಟಿಸಿದ ಕಿಟ್ಟೆಲ್ ನಿಘಂಟು ಪದಗಳ ಮೂಲ ಕೆದಕುವವರಿಗೆ ಹಬ್ಬ, ಹೊಸಬರಿಗೆ ಭಾರ.

ಡಬ್ಬ ತಿರುಗಿಸುವುದು

ಹೊಸ ಕಾರ್ಡು ಒಂದನೇ ಖಾನೆಗೆ. ಆ ಖಾನೆಯನ್ನು ದಿನವೂ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ತೆಗೆಯಬೇಕು. ಉರ್ದು-ಕನ್ನಡದ ಬದಿ ನೋಡಿ ಇಂಗ್ಲಿಷ್ ಗಟ್ಟಿಯಾಗಿ ಹೇಳಿ. ಸರಿಯಾದರೆ ಮುಂದಿನ ಖಾನೆ, ತಪ್ಪಿದರೆ ಎಲ್ಲಿದ್ದರೂ ಮತ್ತೆ ಒಂದಕ್ಕೆ. ಇಂಗ್ಲಿಷ್ ಬದಿ ನೋಡಿ ಅರ್ಥ ಹೇಳುವುದು ಸುಲಭ, ಹಾಗಾಗಿ ಎಲ್ಲರೂ ಅದನ್ನೇ ಮಾಡುತ್ತಾರೆ. ಅದರಿಂದ ಓದಲು ಬರುತ್ತದೆ, ಮಾತಾಡಲು ಬರುವುದಿಲ್ಲ.

ಒಂದನೇ ಖಾನೆಯಲ್ಲಿ ನಲವತ್ತಕ್ಕಿಂತ ಹೆಚ್ಚು ಕಾರ್ಡು ಸೇರಿದರೆ ಮೂರು ದಿನ ಹೊಸ ಪದ ನಿಲ್ಲಿಸಿ. ರಂಜಾನಿನಲ್ಲೋ ಪರೀಕ್ಷೆಯ ಸಮಯದಲ್ಲೋ ಹೀಗಾಗುವುದು ಸಹಜ, ಹಳೆಯದನ್ನು ತಿರುಗಿಸುತ್ತಿದ್ದರೆ ಸಾಕು.

ಮೊಬೈಲೇ ಬೇಕೆನ್ನುವವರಿಗೆ ಆಂಕಿ ಎಂಬ ಆ್ಯಪ್ ಇದೇ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನಿನಲ್ಲಿ ದುಡ್ಡು. ಬೇರೆಯವರು ಮಾಡಿಟ್ಟ ಸಿದ್ಧ ಕಾರ್ಡುಗಳನ್ನು ಇಳಿಸಿಕೊಳ್ಳಬೇಡಿ, ಅವುಗಳಲ್ಲಿ ನಿಮ್ಮ ತೇಜ್ ಇರುವುದಿಲ್ಲ.

ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದು ಗಂಟೆಗೂ ಮೀರಿದ ಹಾದಿ ಸುಮ್ಮನೆ ಹೋಗುತ್ತದೆ. ಓದಿದರೆ ತಲೆ ಸುತ್ತುವವರು ಹಿಂದಿನ ರಾತ್ರಿ ಇಪ್ಪತ್ತು ಕಾರ್ಡುಗಳನ್ನು ಸ್ವಂತ ದನಿಯಲ್ಲಿ ಮೊಬೈಲಿಗೆ ತುಂಬಿಸಿಕೊಳ್ಳಿ: ಮೊದಲು ಉರ್ದು, ನಾಲ್ಕು ಸೆಕೆಂಡ್ ಮೌನ, ಆಮೇಲೆ ಇಂಗ್ಲಿಷ್. ಆ ಮೌನದಲ್ಲಿ ನೀವು ಉತ್ತರ ಹೇಳಬೇಕು. ಕಂಡಕ್ಟರ್ ‘ರೈಟ್ ಪೋಯಿ’ ಎನ್ನುವ ಗದ್ದಲದಲ್ಲಿ ನಿಮ್ಮ ಪಿಸುಮಾತು ಯಾರಿಗೂ ಕೇಳಿಸದು.

ಒಂದು ಕಾರ್ಡು ಮೂರು ಸಲ ಒಂದನೇ ಖಾನೆಗೆ ವಾಪಸ್ ಬಂದರೆ ತಪ್ಪು ನಿಮ್ಮದಲ್ಲ, ಕಾರ್ಡಿನದು. ಅದನ್ನು ಹರಿದುಹಾಕಿ. ಹೊಸ ಕಾರ್ಡಿನಲ್ಲಿ ಬೇರೆ ಜೊತೆಗಾರರನ್ನೂ ಬೇರೆ ವಾಕ್ಯವನ್ನೂ ಬರೆಯಿರಿ, ಉರ್ದು ಅರ್ಥ ದಾರಿ ತಪ್ಪಿಸುತ್ತಿದೆ ಎನ್ನಿಸಿದರೆ ಅದನ್ನು ಬಿಟ್ಟು ಕನ್ನಡ ಮಾತ್ರ ಇಡಿ. ಆಗಲೂ ನಿಲ್ಲದಿದ್ದರೆ ಆ ಪದವನ್ನು ಎರಡು ತಿಂಗಳು ಬದಿಗಿಟ್ಟು, ಓದಿನಲ್ಲಿ ಅದಾಗಿ ಎದುರಾದ ದಿನ ಮತ್ತೆ ಕಾರ್ಡು ಮಾಡಿ.